ಸೊಟ್ಟ ತುರುಬು

ಸೋಮವಾರ ಬೆಳಿಗ್ಗೆ ನನ್ನ ಅತ್ತೆಯ ತಲೆ ಬಾಚುವುದು ನನ್ನ ಕೆಲಸವಾಗಿತ್ತು. ಅತ್ತೆ ತಲೆಗೆ ಎರೆದುಕೊಂಡು ಬಂದು ಹೊಸ್ತಿಲಿಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಹಿಂದೆ ಕುಳಿತು ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟುತ್ತಿದ್ದೆ. ಇದು ಭಕ್ತಿಯೂ ಅಲ್ಲ, ಪ್ರೀತಿಯೂ ಅಲ್ಲ. ಇಚಲಕರಂಜಿಗೆ ಬಂದಾಗಿನಿಂದ ಮಗ್ಗದ ಶೆಡ್ಡಿನವರಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ತುಂಬಿ ತುಂಬಿ ಅವರ ಬಲಭುಜ ಹಿಡಿದುಕೊಂಡಿತ್ತು. ಕೈ ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ. ತಾವೇ ಕಟ್ಟಿಕೊಂಡರೆ ತುರುಬು ಒಂದು ಕಿವಿಯ ಕಡೆಗೆ ವಾಲುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ. ಅಂಗಳದ ನಾಲ್ಕು ಹೆಂಗಸರು ನೋಡಿದರೆ ಸೊಸೆ ಇದ್ದೂ ಅತ್ತೆಗೆ ಈ ಗತಿಯೇ ಅನ್ನುತ್ತಾರಲ್ಲ ಎಂದು ನಾನು ಗಟ್ಟಿಯಾಗಿ, ಒಂದು ಕೂದಲೂ ಸಡಿಲಾಗದಂತೆ ಕಟ್ಟುತ್ತಿದ್ದೆ.

ನಾನು ಇಚಲಕರಂಜಿಗೆ ಹತ್ತಿದ ಶಹಾಪುರದಲ್ಲೇ ಹುಟ್ಟಿ ಬೆಳೆದವಳು. ಮರಾಠಿ ಸಾಲೆಯಲ್ಲಿ ಏಳನೇ ಇಯತ್ತೆ ಪಾಸಾದವಳು. ಆ ಏಳನೇ ಇಯತ್ತೆಯ ಸೊಕ್ಕು ನನಗೆ ಎಷ್ಟಿತ್ತೆಂದರೆ, ರೇಷನ್ ಅಂಗಡಿಯಿಂದ ದವಾಖಾನೆಯವರೆಗೆ ಮನೆಯವರ ಪರವಾಗಿ ಮಾತಾಡುವವಳು ನಾನೇ. ಅತ್ತೆ ಗಡಹಿಂಗ್ಲಜ ಕಡೆಯ ಮಹಾಗಾಂವದವರು. ಅವರಿಗೆ ಸಂತೆಯ ಮರಾಠಿ ತಿಳಿಯುತ್ತಿತ್ತು, ಡಾಕ್ಟರರ ಮರಾಠಿ ತಿಳಿಯುತ್ತಿರಲಿಲ್ಲ. ನನ್ನ ಗಂಡ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ. ಹಗಲು ಪಾಳಿ ಇದ್ದರೆ ರಾತ್ರಿ ಮನೆಯಲ್ಲಿ, ರಾತ್ರಿ ಪಾಳಿ ಇದ್ದರೆ ಹಗಲು ಹಾಸಿಗೆಯಲ್ಲಿ. ಹಾಗಾಗಿ ಅತ್ತೆಗೆ ಕೆಮ್ಮು ಹತ್ತಿ ಬಿಡದೆ ಹೋದಾಗ ಅವರನ್ನು ಕರೆದುಕೊಂಡು ತಿರುಗುವ ಪಾಳಿ ನನ್ನದಾಯಿತು. ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು, ಅಷ್ಟೆ.

ಮೊದಲು ಎಲ್ಲರೂ ಕ್ಷಯ ಅಂದರು. ನೂಲಿನ ಧೂಳು ತಿನ್ನುವ ಊರು ಅದು. ಕೆಮ್ಮಿದವನಿಗೆ ಕ್ಷಯ ಅನ್ನುವುದು ವಾಡಿಕೆ. ಊರ ಡಾಕ್ಟರರು ಕಫ ಪರೀಕ್ಷೆಗೆ ಒಂದು ಸಣ್ಣ ಬಾಟಲಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಉಗುಳಿ ತರಬೇಕೆಂದರು. ಅತ್ತೆ ಬೆಳಿಗ್ಗೆ ಎದ್ದು ಸುಟ್ಟ ತಂಬಾಕಿನ ಮಿಸರಿ ತಿಕ್ಕಿ ಹಲ್ಲು ತೊಳೆದು, ಬಾಯಿ ಮುಕ್ಕಳಿಸಿ, ಆಮೇಲೆ ಸ್ವಚ್ಛವಾದ ಎಂಜಲನ್ನು ಬಾಟಲಿಗೆ ಉಗುಳಿದರು. "ಹೊಲಸ ಹ್ಯಾಂಗ ಕೊಡಲೇ ಪರಾ ಗಂಡಸಿಗೆ?" ಎಂದು ನನ್ನನ್ನೇ ಕೇಳಿದರು. ನಾನು ನಕ್ಕು, ಬೈದು, ಎರಡನೆಯ ಸಲ ಪಕ್ಕದಲ್ಲೇ ನಿಂತು ಉಗುಳಿಸಿದೆ. ಆ ಸಲವೂ ಕ್ಷಯದ ಗುರುತು ಸಿಗಲಿಲ್ಲ. ಸೂಜಿ ಚುಚ್ಚಿಸಿಕೊಂಡರೂ ಕೆಮ್ಮು ಹಾಗೇ ಇತ್ತು. ಕೊನೆಗೆ ಡಾಕ್ಟರರು ಕೊಲ್ಹಾಪುರಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ ಅಂದರು.

ಎಕ್ಸ್‌ರೇ ಅಂದರೇನು ಎಂದು ಅತ್ತೆ ಎಸ್‌ಟಿ ಬಸ್ಸಿನಲ್ಲಿ ಕೇಳಿದರು. ನನಗಾದರೂ ಏನು ಗೊತ್ತು? ಆದರೆ ಗೊತ್ತಿಲ್ಲ ಅನ್ನುವ ಸ್ವಭಾವ ನನ್ನದಲ್ಲ.

"ಒಂದ ಬೆಳಕ ಬಿಡತಾರ್ರಿ ಅತ್ತೀ. ಅದು ಕಣ್ಣಿಗೆ ಕಾಣಂಗಿಲ್ಲ. ಸೀರಿ, ಚರ್ಮ, ಮಾಂಸ ಎಲ್ಲಾ ತೂರಿ ಎಲುಬು ತನಕಾ ಹೋಗತೈತಿ" ಅಂದೆ.

"ಸುಡತೈತೇನ?"

"ಯಾರಿಗ್ ಗೊತ್ತು, ಒಂಚೂರು ಬಿಸಿ ಆಗಬಹುದು" ಎಂದು ಬಾಯಿಗೆ ಬಂದದ್ದು ಹೇಳಿದೆ. ಅತ್ತೆ ಸೆರಗಿನೊಳಗೆ ಕೈ ಹಾಕಿ ಕೊರಳ ಲಿಂಗ ಹಿಡಿದುಕೊಂಡು ಕುಳಿತರು.

ನಮ್ಮ ಲಿಂಗದ ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಗಂಡಸರಿಗೂ ಹೆಂಗಸರಿಗೂ ಇಷ್ಟಲಿಂಗ ಕೊರಳಲ್ಲಿರುತ್ತದೆ. ಒಳಗೆ ಸಣ್ಣ ಕಲ್ಲಿನ ಲಿಂಗ, ಅದರ ಮೇಲೆ ನೇರಳೆ ಹಣ್ಣಿನಂತೆ ಹೊಳೆಯುವ ಕರಿ ಲೇಪ, ಅದನ್ನಿಡಲು ಬೆಳ್ಳಿಯ ಕರಡಿಗೆ. ನನ್ನಂಥವರು ಪೂಜೆಯ ಹೊತ್ತಿಗೆ ನೆನೆಸಿಕೊಂಡು ಉಳಿದ ಹೊತ್ತು ಮರೆಯುತ್ತಿದ್ದೆವು. ಅತ್ತೆ ಹಾಗಲ್ಲ. ಅದು ಮೈಯಿಂದ ದೂರವಾದರೆ ನೀರೂ ಕುಡಿಯುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಕೊರಳಲ್ಲಿ ಉಳಿದಿದ್ದದ್ದೂ ಅದೊಂದೇ.

ಎಕ್ಸ್‌ರೇ ಮನೆಯಲ್ಲಿ ಒಬ್ಬ ಆಯಾ ಇದ್ದಳು. ಪರದೆ ಕಟ್ಟಿದ ಸಣ್ಣ ಸಂದಿಗೆ ನಮ್ಮನ್ನು ಕರೆದೊಯ್ದು, ಕೊರಳಲ್ಲಿದ್ದದ್ದೆಲ್ಲ ತೆಗೆದು ಈ ಅಂಗಿ ಹಾಕಿಕೊಳ್ಳಿ, ಕೂದಲು ಮೇಲೆ ಕಟ್ಟಿ, ಕೂದಲಿನದೂ ನೆರಳು ಬೀಳುತ್ತದೆ ಎಂದಳು. ನಾನು ತುರುಬನ್ನು ಬಿಚ್ಚಿ ನೆತ್ತಿಯ ಹತ್ತಿರ ಮತ್ತೆ ಬಿಗಿಯಾಗಿ ಕಟ್ಟಿದೆ. ಅತ್ತೆ ಲಿಂಗವನ್ನು ಮಾತ್ರ ಬಿಡಲೊಲ್ಲರು.

"ಜೀವ ಬಿಟ್ಟೇನು, ಇದನ್ನ ತೆಗದು ಗೂಟಕ್ಕ ಹಾಕಂಗಿಲ್ಲ."

"ನಾ ಹಿಡಕೊಂಡ ನಿಂದರತೇನ್ರಿ."

"ನಿನ್ನ ಕೈಯಾಗ ಇದ್ದರ ನನ್ನ ಮೈಮ್ಯಾಲ ಇದ್ದಂಗ ಆಕ್ಕೈತೇನು? ನಡಿ, ಮನಿಗಿ ಹೋಗೋಣು."

ಅಷ್ಟು ದೂರ ಬಂದು ಬರಿಗೈಲೆ ಹೋಗುವುದೇ? ಆಗ ನನ್ನ ತಲೆಗೆ ಒಂದು ಯುಕ್ತಿ ಹೊಳೆಯಿತು. ಹೊಳೆದದ್ದಕ್ಕೆ ನನಗೆ ಎಷ್ಟು ಹಿಗ್ಗು! ಬಗಲೂ ಲಿಂಗ ಧರಿಸುವ ಜಾಗವೇ ಎಂದು ಅಯ್ಯನವರು ಹೇಳಿದ್ದನ್ನು ಕೇಳಿದ್ದೆ. ಕರಡಿಗೆಯಿಂದ ಲಿಂಗ ತೆಗೆದು, ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ, ಅತ್ತೆಯ ಎಡ ಬಗಲಿಗೆ ದಾರದಿಂದ ಕಟ್ಟಿದೆ. ಬೆಳ್ಳಿಯ ಕರಡಿಗೆಯನ್ನು ನನ್ನ ಸೊಂಟದ ಚಂಚಿಚೀಲದಲ್ಲಿ ಹಾಕಿಕೊಂಡೆ. ಫೋಟೋ ತೆಗೆಯುವವನು ಒಳಗಿನಿಂದ "ಸಗಳ ಕಾಢಲ ಕಾ?" ಎಂದು ಕೇಳಿದ. ಎಲ್ಲಾ ತೆಗೆದಿದ್ದಾಯಿತೇ ಎಂದು. "ಹೋ, ಸಗಳ ಕಾಢಲ" ಎಂದು ನಾನು ಶುದ್ಧ ಮರಾಠಿಯಲ್ಲಿ ಶುದ್ಧ ಸುಳ್ಳು ಹೇಳಿದೆ. ಮೊದಲು ಬೇರೆ ಯಾರದೋ ಸರದಿ ಇತ್ತು. ಅತ್ತೆಯನ್ನು ಆ ಸಂದಿಯಲ್ಲೇ ಕೂರಿಸಿ, ನನ್ನನ್ನು ಆಯಾ ಹೊರಗೆ ಕಳಿಸಿದಳು.

ಫೋಟೋ ತೆಗೆದಾದ ಮೇಲೆ ಸೀರೆ ಉಡಿಸಲು ಒಳಗೆ ಹೋದರೆ, ಲಿಂಗ ಆಗಲೇ ಅತ್ತೆಯ ಅಂಗೈಯಲ್ಲಿತ್ತು. ತುರುಬು ಜಾರಿ ಎಡಗಿವಿಯ ಮೇಲೆ ಬಂದು ಕುಳಿತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನ್ರಿ ಅತ್ತೀ ಇದು? ಈಗ ಕಟ್ಟೇನಿ, ಈಗ ಬಿಚ್ಚೀರಿ! ನನಗೇನ್ ಬ್ಯಾರೆ ಕೆಲಸ ಇಲ್ಲೇನ್ರಿ? ಮಂದಿ ಏನ್ ಅಂದಾರು?"

"ಅದು ಏನಾತಂದ್ರ, ಯವ್ವಾ…"

"ಏನೂ ಆಗಿಲ್ಲ, ನಡೀರಿ, ಆ ಕಡೆ ಹೊಳ್ಳರಿ" ಎಂದು ಅವರನ್ನು ತಿರುಗಿಸಿ ನಿಲ್ಲಿಸಿ, ಮತ್ತೆ ಜಗ್ಗಿ ಕಟ್ಟಿದೆ. ಅತ್ತೆ ತಲೆ ಬಗ್ಗಿಸಿ ಕಟ್ಟಿಸಿಕೊಂಡರು.

ಫಿಲ್ಮು ತೊಳೆದು ಒಣಗುವವರೆಗೆ ಕಾಯಬೇಕಿತ್ತು. ಮಧ್ಯಾಹ್ನ ಡಾಕ್ಟರರು ನನ್ನನ್ನೊಬ್ಬಳನ್ನೇ ಒಳಗೆ ಕರೆದರು. ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಎಡಗಡೆ, ಮೇಲೆ, ಬಗಲಿನ ಹತ್ತಿರ ಲಿಂಬೆಹಣ್ಣಿನಷ್ಟು ಒಂದು ಮಸಕು ನೆರಳು. ಇದು ಕ್ಷಯದ ತರಹ ಕಾಣುವುದಿಲ್ಲ, ಗಂಟು ಇರಬಹುದು ಎಂದರು. ಮುಂಬಯಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಗಂಟಲೊಳಗೆ ದೀಪವಿರುವ ನಳಿಗೆ ಇಳಿಸಿ ನೋಡುತ್ತಾರೆ, ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷೆ ಮಾಡುತ್ತಾರೆ, ಆಗಲೇ ಏನೆಂದು ಖಾತ್ರಿ. "ಉಶೀರ ಕರೂ ನಕಾ," ತಡ ಮಾಡಬೇಡಿ ಎಂದು ಎರಡು ಸಲ ಹೇಳಿದರು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ದುಃಖ ಅಂದುಕೊಂಡಿರಬೇಕು. ನಾನು ತುಟಿ ಕಚ್ಚಿ ನಗೆ ತಡೆಯುತ್ತಿದ್ದೆ. ಬಗಲಿನ ಹತ್ತಿರ! ಲಿಂಬೆಯಷ್ಟು, ಗುಂಡಗೆ! ನಾನೇ ಕಟ್ಟಿದ್ದಲ್ಲವೇ? ಇಷ್ಟು ಓದಿದವರಿಗೆ ನಮ್ಮ ಲಿಂಗ ಗಂಟಾಗಿ ಕಂಡಿತಲ್ಲ! ಅಲ್ಲೇ ನಿಜ ಹೇಳಿ, ಇನ್ನೊಂದು ಫೋಟೋ ತೆಗೆಯಿರಿ ಅನ್ನಬಹುದಿತ್ತು. ಹೇಳಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಈ ಕಾನಡಿ ಮಂದಿ ಅಡಾಣಿ, ಹೇಳಿದ್ದು ತಿಳಿಯುವುದಿಲ್ಲ ಎಂದು ಆಯಾ ಬೆಳಿಗ್ಗೆಯೇ ಗೊಣಗಿದ್ದಳು. ಅವಳ ಮುಂದೆ ಏಳನೇ ಇಯತ್ತೆ ಪಾಸಾದವಳು ಅಡಾಣಿಯಾಗುವುದೇ? ಕೈ ಮುಗಿದು ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಗೆ ಚಹಾ ಕೊಡಿಸಿ, ನಗುತ್ತಾ ನಗುತ್ತಾ ಹೇಳಿದೆ. "ಅತ್ತೀ, ಡಾಕ್ಟರಗ ನಿಮ್ಮ ಎದಿಯೊಳಗ ನಮ್ಮ ಲಿಂಗ ಕಂಡೈತ್ರಿ! ಬಗಲಾಗಿಂದು ನೋಡಿ ಗಂಟು ಅಂದಾರ್ರಿ. ಮುಂಬಯಿಗಿ ಹೋಗಿ ಕೊಯ್ಸರಿ ಅಂತಾರ್ರಿ!"

ಅತ್ತೆ ಬಶಿಯನ್ನು ಬಾಯಿಯ ತನಕ ತಂದವರು ಹಾಗೇ ಹಿಡಿದರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರೂ ನಕ್ಕರು. "ಹೌದೇನ? ಹಂಗಾದ್ರ ಛಲೋ ಆತು ಬಿಡವಾ," ಎಂದು ಚಹಾ ಕುಡಿದರು.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವನು ನಗಲಿಲ್ಲ. "ಇನ್ನೊಮ್ಮೆ ತೆಗಸೂಣೇನು? ಲಿಂಗ ತೆಗದು?" ಅಂದ. ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಮೈಮೇಲೆ ಹೋದೆ. "ನನ್ನ ಕೈಯಾರೆ ಕಟ್ಟೇನ್ರಿ. ನನಗ ಗೊತ್ತಿಲ್ಲೇನು? ನಿಮ್ಮವ್ವ ಲಿಂಗ ತೆಗ್ಯಾಂಗಿದ್ರ ನೀವ ಕರಕೊಂಡ ಹೋಗ್ರಿ!" ಅವನಿಗೆ ಮಗ್ಗದ ಸದ್ದೇ ಸಾಕಾಗಿತ್ತು, ಹೆಂಡತಿಯದು ಬೇರೆ ಬೇಡವಾಗಿತ್ತು. ಅಡ್ಡಗೋಡೆಯ ಕಡೆಗೆ ಹೊರಳಿ ಮಲಗಿದ.

ದಸರೆ ಮುಗಿದದ್ದೇ ಅತ್ತೆ ತವರಿಗೆ ಹೋಗುತ್ತೇನೆ ಅಂದರು. ಮಹಾಗಾಂವದಲ್ಲಿ ಅವರ ತಮ್ಮನ ಹೊಲವಿತ್ತು. ಶೇಂಗಾ ಕೀಳುವ ಕಾಲ. ಎಂದೂ ತವರಿನ ಹೆಸರೆತ್ತದ ಹೆಂಗಸು ಈಗ ಯಾಕೆ ಹಟ ಹಿಡಿದರೆಂದು ನಾನು ಯೋಚಿಸಲಿಲ್ಲ. ಗಡಹಿಂಗ್ಲಜದ ಬಸ್ಸಿಗೆ ಹತ್ತಿಸಿ ಬಂದೆ. ಹೇಳಬಾರದು, ಆದರೆ ಹೇಳುತ್ತೇನೆ: ಆ ತಿಂಗಳುಗಳು ನನಗೆ ಹಬ್ಬದಂತಿದ್ದವು. ಕೆಮ್ಮಿನ ಸದ್ದಿಲ್ಲ. ಹಿಟ್ಟಿನ ಡಬ್ಬಿಯನ್ನು ನನಗೆ ಬೇಕಾದ ಮೂಲೆಯಲ್ಲಿಟ್ಟೆ. ಸೋಮವಾರ ಬೆಳಿಗ್ಗೆ ಯಾರ ತಲೆಯನ್ನೂ ಬಾಚಲಿಲ್ಲ. ಅತ್ತೆ ಅಲ್ಲಿ ಶೇಂಗಾ ಬಿಡಿಸುತ್ತಾ, ತಮ್ಮನ ಮೊಮ್ಮಕ್ಕಳಿಗೆ ಕಥೆ ಹೇಳುತ್ತಾ ಸುಖವಾಗಿದ್ದಾರೆಂದು ಬಂದವರು ಹೇಳುತ್ತಿದ್ದರು. ನನ್ನ ಯುಕ್ತಿಯಿಂದ ಒಂದು ಜೀವ ಮುಂಬಯಿಯ ಕತ್ತರಿಯಿಂದ ಉಳಿಯಿತು ಎಂದು ಓಣಿಯಲ್ಲಿ ಹೇಳಿಕೊಂಡು ನಗಿಸಿದೆ ಕೂಡ.

ಉಗಾದಿಗೆ ಅತ್ತೆ ವಾಪಸು ಬಂದಾಗ ಮೊದಲು ಧ್ವನಿ ಕೇಳಿತು, ಆಮೇಲೆ ಮುಖ ಕಂಡಿತು. ಧ್ವನಿ ಅವರದಲ್ಲ. ಒಡೆದ ಗಡಿಗೆಯ ಧ್ವನಿ. ಸೀರೆಯೊಳಗೆ ಮೈ ಇರಲಿಲ್ಲ. ಒಂದು ದಿನ ಒಲೆಯ ಬೂದಿ ಬಳಿಯುವಾಗ ಒಳಗೆ ಕೆಂಪು ಕಂಡೆ. ಅತ್ತೆ ರಕ್ತ ಉಗುಳಿ ಮೇಲೆ ಬೂದಿ ಎಳೆದಿದ್ದರು. ತಲೆ ಬಾಚಲು ಕುಳಿತಾಗ ಕುತ್ತಿಗೆಯ ಬುಡದಲ್ಲಿ, ಎಲುಬಿನ ಮೇಲೆ, ಗಜ್ಜುಗದಷ್ಟು ಗಟ್ಟಿ ಗಂಟು ನನ್ನ ಬೆರಳಿಗೆ ಸಿಕ್ಕಿತು. ಬಾಚಣಿಗೆ ಅಲ್ಲೇ ಬಿಟ್ಟೆ.

ಮತ್ತೆ ಕೊಲ್ಹಾಪುರ, ಅದೇ ಎಕ್ಸ್‌ರೇ ಮನೆ, ಅದೇ ಪರದೆ. ಈ ಸಲ ನಾನು ಏನೂ ಹೇಳುವ ಮೊದಲೇ ಅತ್ತೆ ಕೊರಳಿನಿಂದ ಕರಡಿಗೆ ತೆಗೆದು, ಹಣೆಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟರು. "ಕೆಳಗ ಇಡಬ್ಯಾಡವಾ" ಎಂದರು, ಅಷ್ಟೇ. ಜೀವ ಬಿಟ್ಟರೂ ಲಿಂಗ ಬಿಡದವರು ಇಷ್ಟು ಸುಲಭವಾಗಿ ಬಿಟ್ಟರಲ್ಲ ಎಂದು ಅನ್ನಿಸಿತು. ರೋಗ ಮನುಷ್ಯರ ಹಟ ಕರಗಿಸುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಕುತ್ತಿಗೆಯ ಗಂಟನ್ನು ಕೊಲ್ಹಾಪುರದಲ್ಲೇ ಕೊಯ್ದು ತೆಗೆದರು. ಸುತ್ತ ಮಾತ್ರ ಮರಗಟ್ಟುವ ಸೂಜಿ ಕೊಟ್ಟಿದ್ದರು, ಎಚ್ಚರವಿತ್ತು. ಅತ್ತೆ ಒಂದು ಕೈಯಲ್ಲಿ ನನ್ನ ಕೈ ಹಿಡಿದಿದ್ದರು. ಚೂರನ್ನು ಔಷಧದ ನೀರಿದ್ದ ಬಾಟಲಿಯಲ್ಲಿ ಹಾಕಿ ಮೊಹರು ಮಾಡಿ ಪುಣೆಗೆ ಕಳಿಸಿದರು. ಇಷ್ಟೇ ಇತ್ತು ಕೊಯ್ಯುವುದು ಅಂದರೆ. ಇದಕ್ಕೆ ಹೆದರಿ ನಾವು ನಕ್ಕಿದ್ದೆವು.

ಹೊಲಿಗೆ ಬಿಚ್ಚುವ ದಿನ ಪುಣೆಯ ಉತ್ತರವೂ ಬಂದಿತ್ತು. ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರರು ನನ್ನನ್ನು ಒಳಗೆ ಕರೆದರು. ಕ್ಯಾನ್ಸರ್ ಎಂದರು. ಎದೆಯದೇ ಕುತ್ತಿಗೆಗೆ ಬಂದಿದೆ, ಈಗ ಮುಂಬಯಿಗೆ ಹೋದರೂ ಅವರು ಕತ್ತರಿ ಹಚ್ಚುವುದಿಲ್ಲ ಎಂದರು. ಆಮೇಲೆ ಎರಡು ಫಿಲ್ಮುಗಳನ್ನು ಪಕ್ಕಪಕ್ಕ ಕಿಟಕಿಗೆ ಹಿಡಿದರು. ಹಳೆಯದರಲ್ಲಿ ಲಿಂಬೆ. ಹೊಸದರಲ್ಲಿ ಅದೇ ಜಾಗದಲ್ಲಿ ಮುಷ್ಟಿಯಷ್ಟು.

"ಆಗಲೇ ಯಾಕೆ ಹೋಗಲಿಲ್ಲ?" ಎಂದು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹೇಳಿದೆ. ಲಿಂಗ, ಬಗಲು, ಬಟ್ಟೆ, ನನ್ನ ಸುಳ್ಳು, ಎಲ್ಲಾ ಹೇಳಿದೆ. ನನ್ನ ಮರಾಠಿ ನಡುನಡುವೆ ಕಡಿದು ಕನ್ನಡವಾಗುತ್ತಿತ್ತು. ಅವರು ಹಳೆಯ ಫಿಲ್ಮನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನಿಧಾನವಾಗಿ ನೋಡಿದರು. ಕಲ್ಲು ಇದ್ದಿದ್ದರೆ ಬೆಳ್ಳಗೆ, ಅಂಚು ಕೊರೆದ ಹಾಗೆ ಕಾಣುತ್ತಿತ್ತು, ಇದರ ಅಂಚು ನೋಡು, ಬೇರು ಬಿಟ್ಟಂತಿದೆ ಎಂದು ತೋರಿಸಿದರು. ಆಮೇಲೆ ಮೆಲ್ಲಗೆ, "ಬಾಯೀ, ಇಥಂ ದಗಡ ನಾಹೀಚ," ಇಲ್ಲಿ ಕಲ್ಲೇ ಇಲ್ಲ ಎಂದರು. ಬಗಲಿನಲ್ಲೂ ಇಲ್ಲ, ಎಲ್ಲಿಯೂ ಇಲ್ಲ.

ಆಗಲೇ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಚಿಕ್ಕದಿತ್ತು ಎಂದಷ್ಟೇ ಹೇಳಿದರು.

ಇಚಲಕರಂಜಿಯ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕುಳಿತಿದ್ದರು. ಪಂಚಗಂಗೆಯ ಸೇತುವೆ ದಾಟಿದ ಮೇಲೆ ಕೇಳಿದೆ.

"ಅತ್ತೀ, ಅವತ್ತ ಬಗಲಾಗ ಲಿಂಗ ಇರಲಿಲ್ಲೇನ್ರಿ?"

"ಇರಲಿಲ್ಲವಾ."

"ನಾ ಕಟ್ಟಿದ್ನೆಲ್ಲ?"

ಅತ್ತೆ ಎಡಗೈ ಎತ್ತಿ ತಮ್ಮ ತುರುಬನ್ನು ಮೆಲ್ಲಗೆ ಮುಟ್ಟಿ ತೋರಿಸಿದರು. "ಇಲ್ಲಿ ಇಟ್ಟಿದ್ದೆ."

ಆ ಧ್ವನಿಗೆ ಕಿವಿ ಹತ್ತಿರ ಒಯ್ದು ಕೇಳಬೇಕಿತ್ತು. "ಎಲುಬು ತನಕಾ ತೂರತೈತಿ, ಬಿಸಿ ಆಗತೈತಿ ಅಂತ ನೀನ ಹೇಳಿದಿ. ಬಗಲಾಗ ಇದ್ದರ ಆ ಬೆಳಕು ಲಿಂಗಕ್ಕ ಬಡೀತಿತ್ತು. ಮ್ಯಾಲಿನ ಕರಿ ಲೇಪ ಬಿಸಿಲಿಗೇ ಮೆತ್ತಗಾಗತೈತಿ. ಲಿಂಗಕ್ಕ ಬಗಲಕಿಂತಾ ತಲಿ ದೊಡ್ಡ ಜಾಗಾ ಅಲ್ಲೇನು? ನೀ ಹೊರಗ ಹೋದಿ, ನಾ ಹೆಂಗೋ ಕೈ ಎತ್ತಿ ತುರುಬಿನಾಗ ಸುತ್ತಿ ಇಟ್ಟಕೊಂಡೆ."

ಆ ಹಿಡಿದುಕೊಂಡ ಭುಜದಲ್ಲಿ, ಆ ಪರದೆಯ ಹಿಂದೆ, ಅವರು ಎಷ್ಟು ನರಳಿ ಅದನ್ನು ಕಟ್ಟಿಕೊಂಡಿರಬೇಕು!

"ಮತ್ತ ಹೇಳಲಿಲ್ಲ ಯಾಕ್ರಿ, ಅತ್ತೀ?"

"ಹೇಳಾಕಂತ ಬಾಯಿ ತೆಗದಿದ್ನೆಲ್ಲ. ತುರುಬು ಸೊಟ್ಟ ಆತಂತ ನೀ ಬೈಯಾಕತ್ತಿದ್ದಿ."

ನನಗೆ ಕಿವಿಯಲ್ಲಿ ಮಗ್ಗ ಹೊಡೆದಂತಾಯಿತು. ಅತ್ತೆ ಉಸಿರು ತೆಗೆದುಕೊಂಡು ಮುಂದುವರಿಸಿದರು. "ಆಮ್ಯಾಲ ನೀ ನಕ್ಕೋಂತ ಬಂದಿ. ಲಿಂಗದ ನೆರಳು ಅಂದಿ. ಅಲ್ಲವಾ ಅದು, ನನ್ನ ಎದಿದ ಅಂತ ಗೊತ್ತಾತು. ಆದ್ರ ನೀ ಅಷ್ಟು ಖುಷಿಲೆ ಹೇಳಿದಿ, ನನಗೂ ಹಂಗ ಇರಲಿ ಅನಿಸ್ತು. ಎಲ್ಲಾ ನಿನ್ನ ಮ್ಯಾಲ ಹಾಕೋಬ್ಯಾಡ. ಕೊಯ್ಸಕೊಳ್ಳಾಕ ನನಗೂ ಅಂಜಿಕಿ ಇತ್ತು. ಒಮ್ಮೆ ತವರ ನೋಡಬೇಕಿತ್ತು, ನೋಡಿ ಬಂದೆ."

ಎಲ್ಲಾ ನನ್ನ ಮೇಲೆ ಹಾಕಿಕೊಳ್ಳಬೇಡ ಅಂದರು. ಹಾಗಾದರೆ ಯಾರ ಮೇಲೆ ಹಾಕಲಿ? ಅವರು ಸುಳ್ಳು ಹೇಳಿರಲಿಲ್ಲ. ಜಾರಿದ ತುರುಬಿನಲ್ಲಿ ಸತ್ಯ ಕಣ್ಣೆದುರಿಗೇ ಇತ್ತು. ಹಿಡಿದ ಭುಜದ ಹೆಂಗಸು ಯಾಕೆ ಕಷ್ಟಪಟ್ಟು ತುರುಬು ಬಿಚ್ಚಿದಳು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಅದನ್ನು ಜಗ್ಗಿ ಸರಿ ಮಾಡಿ, ಸತ್ಯವನ್ನೂ ಮುಚ್ಚಿದೆ. ನಾಚಿಕೆ ಎಂಬ ಮಾತು ಇದಕ್ಕೆ ಸಾಲದು. ಬಸ್ಸಿನಲ್ಲಿ ಮಂದಿಯ ಮುಂದೆಯೇ ಅತ್ತುಬಿಟ್ಟೆ. ಅತ್ತೆಯೇ ಸೆರಗಿನಿಂದ ನನ್ನ ಮುಖ ಒರೆಸಿದರು.

ಅವರು ಶ್ರಾವಣದವರೆಗೆ ಇದ್ದರು. ಕೊಲ್ಹಾಪುರದಿಂದ ಬಂದ ಮುಂದಿನ ಸೋಮವಾರ ತಾವೇ ಬಾಚಣಿಗೆ ಹಿಡಿದುಕೊಂಡು ಬಂದು, ಎಂದಿನಂತೆ ಹೊಸ್ತಿಲಿಗೆ ಮುಖ ಮಾಡಿ ಕುಳಿತರು. ಕುತ್ತಿಗೆಯ ಹೊಲಿಗೆಯ ಗಾಯ ಇನ್ನೂ ಕೆಂಪಗಿತ್ತು. ನಾನು ಎಣ್ಣೆ ಹಚ್ಚಿ ಬಾಚಿದೆ. ಕೂದಲು ಹಿಡಿಯಲ್ಲಿ ಒಂದು ಎಳೆ ನೂಲಿನಷ್ಟಾಗಿತ್ತು. ಅಭ್ಯಾಸದ ಕೈ, ತಿರುವಿ ಬಿಗಿಯಲು ಹೋಯಿತು.

"ಒಂಚೂರು ಸಡ್ಲ ಕಟ್ಟವಾ," ಎಂದರು ಅತ್ತೆ. "ನೋಯತೈತಿ."

"ಇವತ್ತ ನೋಯಾಕತ್ತೈತೇನ್ರಿ?"

"ಯಾವಾಗ್ಲೂ ನೋಯತಿತ್ತು."

ಮದುವೆಯಾಗಿ ಬಂದಾಗಿನಿಂದ ಆ ತಲೆ ನನ್ನ ಕೈಯಲ್ಲಿತ್ತು. ಅವರು ಒಂದು ದಿನವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.